ತಲಪಾಡಿಯಲ್ಲಿ ಹೇಳದೆ ಉಳಿದ ಮಾತು

ನಾನು ಚಿಕ್ಕವನಿದ್ದಾಗ, ಮಂಗಳೂರಿಗೆ ಹೋಗುವ ಬಸ್ಸು ತಲಪಾಡಿ ದಾಟುತ್ತಲೇ ಅಪ್ಪ ಒಂದು ಮಾತು ಹೇಳುತ್ತಿದ್ದರು: “ಇನ್ನು ನಮ್ಮ ನೆಲ.” ನಮ್ಮ ಮನೆ, ಬಾವಿ, ಅಡಿಕೆ ತೋಟ, ಅಜ್ಜನನ್ನು ದಹಿಸಿದ ಜಾಗ ಎಲ್ಲವೂ ಹಿಂದೆ ಕುಂಬಳೆಯ ಕಡೆಗೇ ಉಳಿದಿರುತ್ತಿದ್ದವು. ಹಾಗಾದರೆ ಅದು ಯಾರ ನೆಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಪಿಲಿಕುಳದ ಹುಲಿ ತೋರಿಸಲೆಂದು ಅದೇ ದಾರಿಯಲ್ಲಿ ಕಾರಿನಲ್ಲಿ ಹೊರಟೆ. ಮಗನಿಗೆ ಎಂಟು, ಮಗಳಿಗೆ ಐದು. ಉಪ್ಪಳ ಬರುವ ಮೊದಲೇ ಚಕ್ಕುಲಿ ಡಬ್ಬ ಖಾಲಿ. ಮಂಜೇಶ್ವರದಲ್ಲಿ ಮಗಳಿಗೆ ವಾಂತಿ. ಅವಳ ಅಂಗಿ ಬದಲಿಸಿ, ಸಮಾಧಾನಕ್ಕೆಂದು “ಇನ್ನು ಸ್ವಲ್ಪದರಲ್ಲಿ ಗಡಿ ಬರುತ್ತದೆ, ನೋಡು” ಎಂದೆ. ಇಬ್ಬರೂ ಕಿಟಕಿಗೆ ಮೂಗು ಒತ್ತಿ ಕುಳಿತರು. ತಲಪಾಡಿ ಬಂತು, ಹೋಯಿತು. ಬೋರ್ಡುಗಳ ಅಕ್ಷರ ಬದಲಾಯಿತು. ಆಚೆಯ ಪೆಟ್ರೋಲ್ ಬಂಕಿನಲ್ಲಿ ನಮ್ಮ ಕೆ.ಎಲ್. 14ರ ಗಾಡಿಗಳು ಅಗ್ಗದ ಪೆಟ್ರೋಲಿಗಾಗಿ ಸಾಲು ನಿಂತಿದ್ದವು.

“ಗೆರೆ ಎಲ್ಲಿ ಉಂಟು ಅಪ್ಪಾ?” ಎಂದಳು ಮಗಳು.

“ಗೆರೆ ಇಲ್ಲ ಮಗಾ.”

“ಮತ್ತೆ ಗಡಿ ಅಂತ ಹೇಳಿದ್ದು?” ಎಂದ ಮಗ.

ಅಪ್ಪನ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳದೆ ಇದ್ದದ್ದು ಸರಿಯೇ ಎಂಬುದು ಅಂದಿನಿಂದ ನನ್ನನ್ನು ಬಿಡದ ಪ್ರಶ್ನೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿದಾಗ ಅಪ್ಪನಿಗೂ ಎಂಟೇ ವರ್ಷ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು, ವರದಿ ಜಾರಿಯಾಗಲಿಲ್ಲ. ಅಪ್ಪ ಅದನ್ನು ವಸೂಲಾಗದ ಬಾಕಿಯಂತೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಮಲಯಾಳ ಚೆನ್ನಾಗಿ ಅರ್ಥವಾಗುತ್ತಿದ್ದರೂ ಮನೆಯಂಗಳದಲ್ಲಿ ಅದರ ಒಂದು ಶಬ್ದ ಆಡಿದವರಲ್ಲ.

2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳನ್ನು ಮುಚ್ಚಿದರು. ಹಲವೆಡೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆಯೇ ಉಳಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಪ್ಪನ ಹೃದಯದ ಮಾತ್ರೆ ನಾಲ್ಕು ದಿನಕ್ಕಷ್ಟೇ ಇತ್ತು. ಪಕ್ಕದ ಮನೆಯ ಮಲಯಾಳಿ ಹುಡುಗ ಕಾಸರಗೋಡಿನ ಔಷಧದ ಅಂಗಡಿಗಳನ್ನೆಲ್ಲ ಸುತ್ತಿ ತಂದುಕೊಟ್ಟ. ಅಪ್ಪ ಅಂಗಳಕ್ಕಿಳಿದು “ಎತ್ರಯಾಯಿ ಮೋನೇ?” ಎಂದು ಕೇಳಿದರು. ಆಮೇಲೆ ಎರಡು ವರ್ಷ ಬದುಕಿದ್ದರು. “ನಮ್ಮ ನೆಲ” ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ಸಾಲಗಾರ ತೀರಿಕೊಂಡರೆ ಮಗ ಹೆದರಿಕೊಂಡು ನಮ್ಮ ಕೌಂಟರಿಗೆ ಬರುತ್ತಾನೆ. ನೀನು ಜಾಮೀನು ಹಾಕಿಲ್ಲವಾದರೆ, ತಂದೆಯಿಂದ ನಿನಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅವರ ಸಾಲಕ್ಕೆ ಹೊಣೆ ಎಂದು ಹೇಳಿ ಕಳಿಸುತ್ತೇವೆ. ಅಪ್ಪನ ನೋವಿಗೂ ಇದೇ ಲೆಕ್ಕ ಹಿಡಿಯಬಾರದೇಕೆ? ನನ್ನ ಮಕ್ಕಳಿಗೆ ಅವರಿಂದ ಬಂದ ಆಸ್ತಿ ಕನ್ನಡ. ಅದನ್ನು ಓದುವುದು, ಬರೆಯುವುದು, ಕಚೇರಿಯಲ್ಲಿ ಕನ್ನಡದ ನಮೂನೆ ಕೇಳುವುದು, ಇಷ್ಟಕ್ಕೆ ಅವರು ಹೊಣೆ. ಆಡಿ ಬೆಳೆದ ಅಂಗಳದಲ್ಲೇ ತಾವು ಪರರ ನೆಲದಲ್ಲಿದ್ದೇವೆ ಎಂದುಕೊಳ್ಳುವುದು ಅವರು ತೀರಿಸಬೇಕಾದ ಸಾಲವಲ್ಲ.

ಇಷ್ಟು ಸುಲಭವಲ್ಲವೆಂದೂ ಬಲ್ಲೆ. ನೋವನ್ನು ಮರೆಯದವರಿಂದಲೇ ಇಲ್ಲಿ ಕನ್ನಡ ಶಾಲೆಗಳು ಉಳಿದದ್ದು. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳು ವಿಲೀನದ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. ಅಂಥವರ ಹಠ ಇಲ್ಲದಿದ್ದರೆ ನನ್ನ ಮಗ ಇಂದು ಯಾವ ಲಿಪಿಯಲ್ಲಿ ಹೆಸರು ಬರೆಯುತ್ತಿದ್ದ? ನನ್ನ ಮೌನದಲ್ಲಿ ಅರ್ಧ ಸೋಮಾರಿತನವೂ ಇರಬಹುದು. ಕನ್ನಡವಿಲ್ಲದ ಚೀಟಿಗಳನ್ನು ಮುದುಕರಿಗೆ ತುಂಬಿಸಿಕೊಟ್ಟು ಸುಮ್ಮನಿರುವವನು ನಾನು. ಅಪ್ಪನಾಗಿದ್ದರೆ ಮೇಲಿನವರಿಗೆ ಅರ್ಜಿ ಬರೆಯುತ್ತಿದ್ದರು.

ಸಂಜೆ ಹಿಂದಿರುಗುವಾಗ ಮಗನಿಗೆ ನಡೆದದ್ದನ್ನೆಲ್ಲ ಹೇಳಿದೆ: 1956, ಹೊಳೆ, ಆಯೋಗ, ಮಾತ್ರೆ. ಅಪ್ಪನ ಆ ಒಂದು ವಾಕ್ಯ ಮಾತ್ರ ಹೇಳಲಿಲ್ಲ.

ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: “ಆ ದಿನ ಅಜ್ಜನ ಶಾಲೆಗೆ ರಜೆ ಇತ್ತಾ?”

ನನಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಅಪ್ಪ ಇಲ್ಲ. ಅಷ್ಟರಲ್ಲಿ ಕಾರು ತಲಪಾಡಿ ದಾಟಿತ್ತು. ಮಗಳು ನಿದ್ದೆ ಹೋಗಿದ್ದಳು.