ನಮಗೇ ಬಿದ್ದಿದ್ರೆ?

ಮದ್ದೂರಿಂದ ರೈಲು ಹತ್ತಿ ಕಂಠೀರವ ಕ್ರೀಡಾಂಗಣಕ್ಕೆ ಹೋಗೋದು ನನ್ನ ಹಳೇ ಚಾಳಿ. 2013ರಲ್ಲಿ ಹುಟ್ಟಿ, ಮೊದಲ ಸಲವೇ ಐ-ಲೀಗ್ ಗೆದ್ದ ತಂಡ ನಮ್ಮ ಬೆಂಗಳೂರು ಎಫ್‌ಸಿ. 2018ರಲ್ಲಿ ತವರಲ್ಲೇ ಚೆನ್ನೈಯಿನ್‌ಗೆ ಐಎಸ್‌ಎಲ್ ಫೈನಲ್ ಸೋತಾಗ ಊಟ ಸೇರಲಿಲ್ಲ. ಮರುವರ್ಷ ಗೋವಾವನ್ನು ಸೋಲಿಸಿ ಕಪ್ ಎತ್ತಿದಾಗ ಕುಣಿದೆ.

ಆದ್ರೆ ಒಂದು ಗೆಲುವು ಇನ್ನೂ ಕಾಡ್ತದೆ. 2023ರ ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ನಮಗೆ ಫ್ರೀ ಕಿಕ್ ಸಿಕ್ತು. ಎದುರಾಳಿಗಳು ಗೋಡೆ ಕಟ್ಟೋ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫ್ರಿ ಗೋಲು ಅಂದರು. ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟು ನಡೆದರು. ಗೆಲುವು ನಮ್ಮದಾಯ್ತು.

'ನಿಯಮದಲ್ಲಿ ಅವಕಾಶ ಐತೆ' ಅಂತ ನಾನು ವಾದಿಸ್ತಿದ್ದಾಗ ಮಳವಳ್ಳಿಯ ಅಕ್ಕನ ಮಗ ಕೇಳಿದ: "ಅಲ್ಲ ಮಾವ, ಅದೇ ಗೋಲು ನಮಗೆ ಬಿದ್ದಿದ್ರೆ ನೀನು ಹಿಂಗೇ ಹೇಳ್ತಿದ್ದಾ?"

ಬಾಯಿ ಕಟ್ತು. ಕಬ್ಬಿನ ತೂಕ ಕಮ್ಮಿ ಬಂದ್ರೆ ವೇಬ್ರಿಡ್ಜ್ ಸರಿಯಿಲ್ಲ ಅಂತೀವಿ. ಜಾಸ್ತಿ ಬಂದ್ರೆ ಸುಮ್ಮನೆ ಚೀಟಿ ಇಸ್ಕೊಂಡು ಬರ್ತೀವಿ.

ಯೋಚಿಸಿದ ಮೇಲೂ ಆ ಗೋಲು ಸರಿ ಅಂತಲೇ ನನ್ನ ಅಭಿಪ್ರಾಯ. ಫ್ರೀ ಕಿಕ್ ಇರೋದು ಫೌಲ್ ತಿಂದವರಿಗಾಗಿ. ಫೌಲ್ ಮಾಡಿದವರು ಸಾವಕಾಶವಾಗಿ ಗೋಡೆ ಕಟ್ಟಲಿ ಅಂತ ಅವರು ಕಾಯಲೇಬೇಕೆಂದೇನಿಲ್ಲ. ಆದ್ರೆ ಈ ಮಾತು ನ್ಯಾಯ ಅನ್ನಿಸಿಕೊಳ್ಳೋದು, ನಮ್ಮ ಬಲೆಗೆ ಅಂಥದ್ದೇ ಚೆಂಡು ಬಿದ್ದ ದಿನ, ಕಣ್ಣಲ್ಲಿ ನೀರಿಟ್ಟುಕೊಂಡಾದ್ರೂ, ನಾನು ಇದನ್ನೇ ಹೇಳಿದಾಗ. ಅಲ್ಲೀವರೆಗೂ ಇದು ಬರೀ ಅಭಿಮಾನ.