ಕಂಡದ್ದನ್ನು ತೋರಿಸಹೋಗಿ ಸತ್ತವನು

ಯುದ್ಧದಲ್ಲಿ ಆಯುಧ ಹಿಡಿದವನು ಸತ್ತರೆ ಲೋಕಕ್ಕೆ ಆಶ್ಚರ್ಯವಿಲ್ಲ. ಗಾಯಪಟ್ಟವರ ಶುಶ್ರೂಷೆ ಮಾಡುವವನು ಸತ್ತರೆ ಎಲ್ಲರೂ ಅವನನ್ನು ಹೊಗಳುವರು. ಆದರೆ ನಡೆದದ್ದನ್ನು ಚಿತ್ರದಲ್ಲಿ ಹಿಡಿಯುವದಕ್ಕೆ ಹೋಗಿ ಒಬ್ಬನು ಪ್ರಾಣ ಕಳಕೊಂಡರೆ ಅದು ಸಾರ್ಥಕವೋ, ವ್ಯರ್ಥವೋ? ಇದನ್ನು ಸ್ವಲ್ಪ ವಿಚಾರಿಸೋಣ.

ಕುರ್ದರೆಂಬ ಜನಾಂಗದವರು ತುರ್ಕಿ, ಇರಾನ್, ಇರಾಕ್, ಸಿರಿಯ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದಾರೆ. ಅವರಿಗೆ ಸ್ವಂತ ರಾಷ್ಟ್ರವಿಲ್ಲ. ಅವರೊಳಗೆ ಮೆಹ್ಮೆತ್ ಅಕ್ಸೊಯ್ ಎಂಬವನು ಲಂಡನ್ ಪಟ್ಟಣದಲ್ಲಿ ಬೆಳೆದು, ಚಲನಚಿತ್ರದ ವಿದ್ಯೆಯನ್ನು ಕಲಿತು, ಅಲ್ಲಿಯ ಕುರ್ದಿಶ್ ಚಲನಚಿತ್ರೋತ್ಸವವನ್ನು ನಡಿಸುವವರಲ್ಲಿ ಒಬ್ಬನಾಗಿದ್ದನು. ೨೦೧೭ರಲ್ಲಿ ಅವನು ಸಿರಿಯಕ್ಕೆ ಹೋದನು. ಇಸ್ಲಾಮಿಕ್ ಸ್ಟೇಟ್ ಎಂಬ ಪಂಗಡದವರು ಆಗ ರಕ್ಕ ಪಟ್ಟಣವನ್ನು ಹಿಡಿದಿದ್ದರು. ಅವರೊಡನೆ ಕಾದುತ್ತಿದ್ದ ಕುರ್ದಿಶ್ ದಳದ ಜೊತೆಯಲ್ಲಿದ್ದು ಯುದ್ಧದ ಚಿತ್ರಗಳನ್ನು ತೆಗೆಯುತ್ತಿದ್ದಾಗ, ಸೆಪ್ಟೆಂಬರ್ ೨೬ರಂದು, ಆ ಪಂಗಡದವರ ದಾಳಿಯಲ್ಲಿ ಅವನು ಮಡಿದನು. ಅವನ ವಯಸ್ಸು ೩೨. ನವೆಂಬರ್ ತಿಂಗಳಲ್ಲಿ ಲಂಡನಿನ ಕುರ್ದರು ದೊಡ್ಡ ಸಂಖ್ಯೆಯಲ್ಲಿ ಕೂಡಿ, ಹೈಗೇಟ್ ಶ್ಮಶಾನದಲ್ಲಿ ಅವನನ್ನು ಹೂಣಿಟ್ಟರು.

ಚಿತ್ರ ತೆಗೆಯುವ ಕೈಯಿಂದ ಒಬ್ಬ ಗಾಯಾಳುವನ್ನು ಎತ್ತಬಹುದಾಗಿತ್ತಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ಊರಿನ ಒಂದು ಸಂಗತಿಯನ್ನು ನೆನಸಿರಿ. ರಾತ್ರಿಯಲ್ಲಿ ಬಲವಂತನು ಬಡವನ ಹೊಲದ ಗಡಿಕಲ್ಲನ್ನು ಕಿತ್ತು ಒಳಗೆ ಸರಿಸುತ್ತಾನೆ. ಕಂಡವನು ಹೆದರಿ ಬಾಯಿ ಮುಚ್ಚಿದರೆ ಪಂಚಾಯತಿಯಲ್ಲಿ ಬಲವಂತನ ಮಾತೇ ಸತ್ಯವಾಗುವದು. ಬಡವನು ಮೊದಲು ಹೊಲವನ್ನು ಕಳಕೊಳ್ಳುವನು. ಆಮೇಲೆ, ತನಗೆ ಅನ್ಯಾಯವಾಯಿತೆಂಬ ಮಾತಿನ ನಂಬಿಕೆಯನ್ನೂ ಕಳಕೊಳ್ಳುವನು.

ಕುರ್ದರು ಇದನ್ನು ಅನುಭವದಿಂದ ಬಲ್ಲರು. ೧೯೮೮ರ ಮಾರ್ಚ್ ೧೬ರಂದು ಇರಾಕಿನ ಸರಕಾರವು ಹಲಬ್ಜ ಎಂಬ ಊರಿನ ಮೇಲೆ ವಿಷವಾಯುವನ್ನು ಹಾಕಿಸಿತು. ಸುಮಾರು ೫,೦೦೦ ಜನರು ಸತ್ತರು. ಬೀದಿಗಳಲ್ಲಿ ಬಿದ್ದಿದ್ದ ತಾಯಂದಿರ, ಮಕ್ಕಳ ಚಿತ್ರಗಳನ್ನು ಕೆಲವರು ತೆಗೆದು ತಂದದ್ದರಿಂದ ದೂರದ ಜನರು ಅದನ್ನು ಕಣ್ಣಾರೆ ಕಂಡರು. ಚಿತ್ರಗಳು ಸತ್ತವರನ್ನು ಎಬ್ಬಿಸಲಿಲ್ಲ, ನಿಜ. ಆದರೆ ಅವರು ಸಾಯಲೇ ಇಲ್ಲವೆಂದು ಹೇಳುವ ಬಾಯನ್ನು ಕಟ್ಟಿದವು.

ಇನ್ನೊಂದು ಆಕ್ಷೇಪಣೆಯುಂಟು. ಅಕ್ಸೊಯ್ ಒಂದು ಪಕ್ಷಕ್ಕೆ ಸೇರಿದವನು. ಅವನ ಸಾಕ್ಷಿಯನ್ನು ನಂಬುವದು ಹೇಗೆ? ಈ ಮಾತನ್ನು ತಳ್ಳಿಹಾಕಬಾರದು. ಪ್ರಾಣ ಕೊಟ್ಟ ಮಾತ್ರಕ್ಕೆ ಒಬ್ಬನ ಪಕ್ಷವು ನ್ಯಾಯವೆಂದು ಸಿದ್ಧವಾಗುವದಿಲ್ಲ, ಯಾಕಂದರೆ ಅವನನ್ನು ಕೊಂದವರಲ್ಲಿಯೂ ಸಾಯುವದಕ್ಕೆ ಸಿದ್ಧರಾದವರಿದ್ದರು. ಆದಕಾರಣ ಅವನ ಚಿತ್ರಗಳನ್ನೂ ಬೇರೆ ಸಾಕ್ಷಿಗಳಂತೆಯೇ ತೂಗಿನೋಡಬೇಕು. ಆದರೂ ಹೊಲದ ಒಡೆಯನ ಮಗನು ಕಂಡು ಹೇಳಿದನೆಂಬದರಿಂದಲೇ ಗಡಿಕಲ್ಲಿನ ಸಾಕ್ಷಿಯು ಸುಳ್ಳಾಗುವದೋ?

ಹುತಾತ್ಮರಿಗೆ ಮರಣವಿಲ್ಲವೆಂಬ ಮಾತು ಕುರ್ದರ ಶವಸಂಸ್ಕಾರಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಆದರಣೆಯುಂಟು, ಅಪಾಯವೂ ಉಂಟು. ಮಗನು ಸತ್ತೇ ಹೋದನೆಂದು ಹೆತ್ತವಳು ಬಲ್ಲಳು. ಅವಳ ಅಳುವನ್ನು ಜಯಘೋಷದಿಂದ ಮುಚ್ಚುವದು ನ್ಯಾಯವಲ್ಲ. ಅವನ ಹೆಸರನ್ನು ಕೂಗಿ ಇನ್ನೊಬ್ಬಳ ಮಗನನ್ನು ಗುಂಡಿನ ಬಾಯಿಗೆ ಕರೆಯುವದೂ ಅವನಿಗೆ ಮಾಡುವ ಗೌರವವಲ್ಲ.

ಹಾಗಾದರೆ ಸಾಕ್ಷಿಗಾರನಿಗಾಗಿ ದುಃಖಿಸುವವರ ಕರ್ತವ್ಯವೇನು? ಅವನು ನೋಡಿದ ಕಡೆಗೆ ತಾವೂ ನೋಡುವದು. ಅವನು ತೋರಿಸಿದ್ದಕ್ಕೆ ಏನನ್ನೂ ಕೂಡಿಸದೆ, ಏನನ್ನೂ ಕಳೆಯದೆ, ಮಕ್ಕಳಿಗೆ ಹೇಳುವದು. ಸಮಾಧಿಯ ಮೇಲಣ ಹೂವು ಒಂದೇ ವಾರದಲ್ಲಿ ಒಣಗುವದು. ಕಂಡದ್ದನ್ನು ಕಂಡಂತೆ ಹೇಳುವ ಜನರು ಊರಲ್ಲಿ ಉಳಿದರೆ ಅವನ ಕೆಲಸವು ನಿಲ್ಲುವದಿಲ್ಲ.