ಬಚ್ಚಿಟ್ಟ ಚೀಟಿ

ಮಟಮಾರಿಯ ನನ್ನ ಮಾಮೂ ಮಸೀದಿಯಲ್ಲಿ ಮೊದಲ ಸಾಲಿನವರು. ಮದುವೆಯ ಊಟಕ್ಕೆ ಕುಳಿತರೂ ಮಾಂಸ ಎಲ್ಲಿಂದ ಬಂತೆಂದು ವಿಚಾರಿಸಿಯೇ ತುತ್ತು ಎತ್ತುವವರು. ಅವರಿಗೆ ಎದೆನೋವು ಬಂದ ರಾತ್ರಿ ದೂರದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಹೃದಯದ ರಕ್ತನಾಳದಲ್ಲಿ ಬಲೂನು ಉಬ್ಬಿಸಿ ಸ್ಟೆಂಟ್ ಕೂಡಿಸಿದರು. ಆ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಔಷಧ ಹೆಪಾರಿನ್.

ಔಷಧದ ಡಬ್ಬಿಯೊಳಗಿನ ಚೀಟಿ ಓದುವ ಚಟ ನನಗೆ. ಅದು ಹಂದಿಯ ಕರುಳಿನ ಒಳಪೊರೆಯಿಂದ ತೆಗೆದದ್ದೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಹೆಪಾರಿನ್ ಪರಕೀಯ ವಸ್ತುವಲ್ಲ, ನಮ್ಮ ದೇಹದ ಕೆಲವು ಕೋಶಗಳೂ ಅದನ್ನು ತಯಾರಿಸುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1916ರಲ್ಲಿ ಜೇ ಮೆಕ್‌ಲೀನ್ ಎಂಬ ವಿದ್ಯಾರ್ಥಿ ಆರಂಭಿಸಿದ ಶೋಧ ಅದು. ನಾಯಿಯ ಯಕೃತ್ತಿನಲ್ಲಿ ಸಿಕ್ಕಿದ್ದರಿಂದ ಅವನ ಗುರು ಹೋವೆಲ್ ಯಕೃತ್ತಿನ ಗ್ರೀಕ್ ಹೆಸರನ್ನೇ ಅದಕ್ಕೆ ಇಟ್ಟರು. ಮುಂದೆ ದನದಿಂದಲೂ ತೆಗೆಯುತ್ತಿದ್ದರು. ಹುಚ್ಚುದನದ ರೋಗದ ಭಯದಿಂದ 1990ರ ದಶಕದಲ್ಲಿ ಹೆಚ್ಚಿನ ದೇಶಗಳು ಅದನ್ನು ಬಿಟ್ಟವು, ಹಂದಿಯೇ ಉಳಿಯಿತು. ಮಾಮೂರ ಪಕ್ಕದ ಹಾಸಿಗೆಯಲ್ಲಿದ್ದ ಲಿಂಗಾಯತ ಹಿರಿಯರು ಮೊಟ್ಟೆಯನ್ನೂ ಮುಟ್ಟದವರು. ಅವರಿಗೂ ಅದೇ ಸೂಜಿ. ಅವರಿಗೂ ಯಾರೂ ಹೇಳಿರಲಿಲ್ಲ.

ಏಳು ತಿಂಗಳಾದ ಮೇಲೆ ಮಾಮೂಗೆ ಮತ್ತೆ ನೋವು. ಬಿಡಿಸಿದ ನಾಳ ಅದೇ ಜಾಗದಲ್ಲಿ ಮತ್ತೆ ಕಿರಿದಾಗಿತ್ತು. ಇದು ಕೊಬ್ಬಿನ ಹಳೆಯ ಕಥೆಯಲ್ಲ. ಬಲೂನು, ಸ್ಟೆಂಟುಗಳ ಒತ್ತಡವನ್ನು ನಾಳ ಗಾಯವೆಂದೇ ತಿಳಿಯುತ್ತದೆ. ಮಾಯಿಸಲು ಹೊರಟ ಗೋಡೆಯ ಸ್ನಾಯುಕೋಶಗಳು ಅತಿಯಾಗಿ ಬೆಳೆದು ದಾರಿಯನ್ನೇ ಮುಚ್ಚುತ್ತವೆ. ಜ್ಯೂರಿಕ್‌ನಲ್ಲಿ ಗ್ರುಯೆಂಟ್ಸಿಗ್ ಎಂಬ ವೈದ್ಯ ಹೃದಯದ ನಾಳಕ್ಕೆ ಮೊದಲ ಬಲೂನು ಹಾಕಿದ್ದು 1977ರಲ್ಲಿ. ಬರೀ ಬಲೂನಿನ ಆ ಕಾಲದಲ್ಲಿ ಮೂವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಹೀಗಾಗುತ್ತಿತ್ತು. ಅದೇ ವರ್ಷ ಇಲಿಗಳ ಗಾಯಗೊಂಡ ನಾಳಗಳಲ್ಲಿ ಹೆಪಾರಿನ್ ಈ ಬೆಳವಣಿಗೆಯನ್ನು ತಡೆಯಿತೆಂದು ವರದಿಯಾಯಿತು. ಮನುಷ್ಯರಲ್ಲಿ ಆ ಆಸೆ ಫಲಿಸಲಿಲ್ಲ. ಆಮೇಲೆ ಜಿಗಣೆಯ ಸರದಿ. ನಮ್ಮ ಯೂನಾನಿ ಹಕೀಮರು ಜೋಂಕ್ ಹಚ್ಚಿ ರಕ್ತ ತೆಗೆಯುತ್ತಿದ್ದರಲ್ಲ, ಅದರ ಜೊಲ್ಲಿನಲ್ಲಿರುವ ಹಿರುಡಿನ್ ಕೂಡ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಸಾವಿರದ ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1995ರಲ್ಲಿ ಬಂತು: ಮೊದಲ ದಿನಗಳ ಅಪಾಯ ಇಳಿಯಿತು, ಆರು ತಿಂಗಳ ನಂತರದ ಕಿರಿದಾಗುವಿಕೆ ಮಾತ್ರ ಹಾಗೇ ಇತ್ತು. ಕೊನೆಗೆ ಕೋಶಗಳ ಬೆಳವಣಿಗೆಯನ್ನೇ ಹಿಡಿದಿಡುವ ಔಷಧ ಲೇಪಿಸಿದ ಸ್ಟೆಂಟುಗಳು ಬಂದ ಮೇಲೆ ಇದು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿಯಿತು. ಆ ಕೆಲವರಲ್ಲಿ ಮಾಮೂ ಒಬ್ಬರಾದರು.

ಮತ್ತೆ ಬಲೂನು, ಮತ್ತೆ ಹೆಪಾರಿನ್. ಆದರೆ ಈ ಸಲ ನಡುವೆ ಒಂದು ದಿನವಿತ್ತು, ಮಾಮೂಗೆ ಪೂರ್ಣ ಎಚ್ಚರವಿತ್ತು.

"ಹೇಳಬೇಡ. ಒಪ್ಪದೆ ಹೋದರೆ ಆ ಪಾಪ ನಿನ್ನದು" ಎಂದ ಅವರ ಮಗ. ಅವನ ಮಾತು ಹಗುರವಲ್ಲ. ಫಿಕ್ಹ್‌ನ ತೊಡಕು ಇಲ್ಲಿ ದೊಡ್ಡದೇನಲ್ಲ. ಹಂದಿಯನ್ನು ನಿಷೇಧಿಸುವ ಅಲ್-ಬಕರದ 173ನೇ ಆಯತ್ತಿನಲ್ಲೇ ನಿರ್ವಾಹವಿಲ್ಲದವನಿಗೆ ವಿನಾಯಿತಿಯೂ ಇದೆ. 1995ರಲ್ಲಿ ಕುವೈತಿನಲ್ಲಿ ಸೇರಿದ ವಿದ್ವಾಂಸರು ಮತ್ತು ವೈದ್ಯರು ಹಂದಿಮೂಲದ ಇನ್ಸುಲಿನ್ನನ್ನು ಅನಿವಾರ್ಯತೆಯ ಮೇಲೆ ಒಪ್ಪಿದ್ದರು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಆ ವಿನಾಯಿತಿ ಯಾರದು? ಅದು ನಿರ್ವಾಹವಿಲ್ಲದವನಿಗೆ ಕೊಟ್ಟದ್ದು, ಅವನ ಸೋದರಳಿಯನಿಗಲ್ಲ. ತನ್ನೆದುರು ಏನಿದೆಯೆಂದೇ ತಿಳಿಯದವನು ಅದನ್ನು ಪಡೆಯುವುದು ಹೇಗೆ? ಮಾಮೂರ ಈಮಾನ್ ಅಷ್ಟು ತೂಕ ಹೊರಲಾರದೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು. ಅವರು ಬೇಡವೆಂದರೆ? ಆ ಹೆದರಿಕೆ ನನಗೂ ಇತ್ತು, ಈಗಲೂ ಇದೆ. ಆದರೂ ಒಬ್ಬರ ಪ್ರಾಣ ಉಳಿಸುವ ಹಕ್ಕಿನೊಳಗೆ ಅವರನ್ನು ಮಗುವಾಗಿಸುವ ಹಕ್ಕು ಸೇರಿಲ್ಲ ಎಂದುಕೊಂಡೆ. ಮೊದಲ ರಾತ್ರಿ, ಪ್ರಜ್ಞೆ ಅರೆಬರೆಯಾಗಿದ್ದಾಗ, ಸುಮ್ಮನಿದ್ದದ್ದು ತಪ್ಪಲ್ಲ. ಆಮೇಲಿನ ಏಳು ತಿಂಗಳ ಮೌನಕ್ಕೆ ನಾನು ಕರುಣೆ ಎಂಬ ಹೆಸರು ಕೊಟ್ಟಿದ್ದೆ, ಅದು ಬರೀ ಅಂಜಿಕೆ.

ಹೇಳಿದೆ. ಮಾಮೂ ಬಹಳ ಹೊತ್ತು ಸೂರು ನೋಡುತ್ತ ಮಲಗಿದ್ದರು.

"ಬೇರೆ ಔಷಧ ಇಲ್ಲೇನು, ಬೇಟಾ?"

ವೈದ್ಯರನ್ನು ಕೇಳಿ ಬಂದೆ. ಜಿಗಣೆಯ ಹಿರುಡಿನ್ನಿನ ಮಾದರಿಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಬೈವಾಲಿರುಡಿನ್ ಎಂಬುದಿದೆ, ಬೆಲೆ ಬಹಳ, ಆ ಆಸ್ಪತ್ರೆಯಲ್ಲಿ ಇರಲಿಲ್ಲ.

"ಮೊದಲನೇ ಸಲಾನೂ ಇದೇ ಕೊಟ್ಟಿದ್ರೇನು?"

ಹೌದೆಂದೆ.

ವುಜೂಗೆ ನೀರು ತರಿಸಿಕೊಂಡರು. ನಮಾಜ್ ಮುಗಿಸಿ ಕಾಗದ ಕೇಳಿದರು. ಹಿಂದಿನ ಸಲ ಮಗ ಸಹಿ ಹಾಕಿದ್ದ ಜಾಗದಲ್ಲಿ ಈ ಸಲ ಉರ್ದುವಿನಲ್ಲಿ ತಮ್ಮ ಹೆಸರನ್ನು ತಾವೇ ನಿಧಾನವಾಗಿ ಬರೆದರು.

ಈಗ ಮನೆಯಲ್ಲಿ ಚೆನ್ನಾಗಿದ್ದಾರೆ. ಸೂಜಿಯ ಸುದ್ದಿಯನ್ನು ಅವರು ಮತ್ತೆ ಎತ್ತಿಲ್ಲ. ಆ ಏಳು ತಿಂಗಳು ನಾನು ಪ್ರತಿ ಹಬ್ಬಕ್ಕೂ ಅವರ ಮನೆಗೆ ಬಂದು ಎದುರು ಕೂತು ಊಟ ಮಾಡಿ ಹೋದದ್ದನ್ನು ಮಾತ್ರ ಆಗಾಗ ನೆನಪಿಸುತ್ತಾರೆ.